ಆರು, ಮತ್ತೊಂದು

ನಮ್ಮ ಮನೆಯಲ್ಲಿ ಏಳು ಎಂಬ ಸಂಖ್ಯೆ ಇರಲಿಲ್ಲ. ಅವ್ವ ಅದನ್ನು ಎಣಿಕೆಯಲ್ಲಿ ಬಾಯಿಗೆ ತರುತ್ತಿರಲಿಲ್ಲ. ಅವಳು ಯಳಂದೂರಿನ ಕಡೆ ಗದ್ದೆಯಿದ್ದ ಮನೆಯಲ್ಲಿ ಹುಟ್ಟಿದವಳು. ಕಣದಲ್ಲಿ ಭತ್ತ ಅಳೆಯುವಾಗ ಅವಳ ಅಪ್ಪ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುತ್ತಿದ್ದನಂತೆ, ಆರರ ಮುಂದಿನದಕ್ಕೆ ಮತ್ತೊಂದು ಎನ್ನುತ್ತಿದ್ದನಂತೆ. ಏಳು ಅಂದರೆ ಎದ್ದು ಹೋಗು ಅಂದ ಹಾಗೆ. ರಾಶಿಯ ಮುಂದೆ ಕೂತ ಲಕ್ಷ್ಮಿಗೆ ಆ ಮಾತು ಆಡಬಾರದು. ಮದುವೆಯಾಗಿ ಕೊಳ್ಳೇಗಾಲದ ನೇಯ್ಗೆಯವರ ಮನೆಗೆ ಬಂದಾಗ ಅವ್ವ ತವರಿನಿಂದ ಬೇರೇನು ತಂದಳೋ ನನಗೆ ತಿಳಿಯದು, ಆ ಎಣಿಕೆಯನ್ನಂತೂ ತಂದಳು. ಮುದ್ದೆ, ಕಂಡಿಕೆ, ಹಾಸಿನ ಎಳೆ, ಸೇದಿದ ಬಿಂದಿಗೆ, ಎಲ್ಲವೂ ಅವಳ ಬಾಯಲ್ಲಿ ಲಾಭ, ಎರಡು, ಮೂರು, ನಾಕು, ಐದು, ಆರು, ಮತ್ತೊಂದು, ಎಂಟು. ಒಂದನೇ ಕ್ಲಾಸಿನಲ್ಲಿ ನಾನೂ ಹಾಗೆಯೇ ಎಣಿಸಿ ಮೇಷ್ಟರನ್ನು ನಗಿಸಿದ್ದೆ. ಅಣ್ಣ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಅವನ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಾಗಲೆಲ್ಲ ಮೊದಲು ಕಿವಿಗೆ ಬರುವುದು ಅವ್ವನ ಈ ಎಣಿಕೆ.

ಮನೆ ಬೀದಿಯಿಂದ ಹಿತ್ತಲವರೆಗೆ ಒಂದೇ ಗೆರೆ ಎಳೆದಂತಿತ್ತು. ಮುಂದಿನ ಅಂಕಣದಲ್ಲಿ ಎರಡು ಕುಣಿ ಮಗ್ಗ, ಅದರ ಹಿಂದೆ ನಾವು ಮಲಗುವ, ಉಣ್ಣುವ ಜಾಗ, ಕೊನೆಗೆ ಒಲೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅಣ್ಣ ಕೂರುತ್ತಿದ್ದರು. ಅವರ ತಲೆ ನನ್ನ ಸೊಂಟದ ಮಟ್ಟಕ್ಕೆ ಬರುತ್ತಿತ್ತು. ಹಾಗಾಗಿ ಮನೆಯಲ್ಲಿದ್ದಷ್ಟು ಹೊತ್ತೂ ಗಂಡಸರನ್ನು ನಾನು ಮೇಲಿನಿಂದ ಕೆಳಗೆ ನೋಡಿಯೇ ಮಾತಾಡುತ್ತಿದ್ದೆ. ಸ್ಕೂಲಿನಿಂದ ಬಂದವಳು ರಾಟೆಯ ಮುಂದೆ ಕೂತು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಬೇಕು, ಲಾಳಿ ಖಾಲಿಯಾದಾಗ ಕೊಡಬೇಕು. ಬಾಗಿಲ ಪಕ್ಕ ಅಜ್ಜಿ, ಅಂದರೆ ಅಪ್ಪನ ಅವ್ವ, ಸೊಪ್ಪು ಬಿಡಿಸುತ್ತ ಮಾದಪ್ಪನ ಹಾಡು ಹೇಳುತ್ತಿದ್ದಳು. ಬಾಯಲ್ಲಿ ಹಲ್ಲು ಇರಲಿಲ್ಲ, ಆದರೆ ಬೆಟ್ಟದ ಕಾಡಿನ ಒಂದೊಂದು ತಿರುವೂ ಆ ಹಾಡಿನಲ್ಲಿತ್ತು. ಮಧ್ಯಾಹ್ನ ಮುದ್ದೆ, ಉಪ್ಸಾರು, ಅದರ ಖಾರ. ಅಪ್ಪ ಉಣ್ಣುವಾಗಲೂ ಪಕ್ಕದ ಮನೆಗಳ ಮಗ್ಗದ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದ. ಯಾರ ಲಾಳಿ ಸಿಕ್ಕಿಕೊಂಡಿತು, ಯಾರ ಎಳೆ ಕಿತ್ತಿತು ಎಂದು ತಟ್ಟೆಯಿಂದ ಕಣ್ಣೆತ್ತದೆ ಹೇಳುತ್ತಿದ್ದ.

ಆ ಮನೆಗೆ ಟೇಪ್ ರೆಕಾರ್ಡರ್ ಬಂದದ್ದು ಹನೂರಿನ ಬಸ್ಸಿನಲ್ಲಿ. ಹನೂರಿನಿಂದ ಆಚೆ ಒಡೆಯರಪಾಳ್ಯದಲ್ಲಿ ಟಿಬೆಟಿನವರ ಊರಿದೆ. ಅಲ್ಲಿಯ ಒಬ್ಬಾತ ಚಳಿಗಾಲದಲ್ಲಿ ಸ್ವೆಟರ್ ಮಾರುತ್ತ ಕೊಳ್ಳೇಗಾಲಕ್ಕೆ ಬರುತ್ತಿದ್ದ. ಹೆಸರು ನಮ್ಮ ನಾಲಿಗೆಗೆ ಹೊಂದದೆ ಅಪ್ಪ ಅವನನ್ನು ಸ್ವೆಟರಣ್ಣ ಎನ್ನುತ್ತಿದ್ದ. ಅವನಿಗೆ ಮಗಳ ಮದುವೆಗೆ ರೇಷ್ಮೆ ಬೇಕಿತ್ತು, ಅಪ್ಪನ ಬಳಿ ಗಿರಾಕಿ ಬಿಟ್ಟುಹೋದ ಒಂದು ಕೆಂಪು ತುಂಡು ಇತ್ತು. ಬದಲಿಗೆ ಅವನು ತಂದದ್ದು ಕಪ್ಪು ಬಣ್ಣದ, ಮುಂದಕ್ಕೆ ಐದು ಗುಂಡಿ ಚಾಚಿದ ಟೇಪು, ಜೊತೆಗೆ ಒಂದು ಬೂಟಿನ ಡಬ್ಬದ ತುಂಬ ಕ್ಯಾಸೆಟ್ಟು.

"ಇಂಗ್ಲಿಷ್ ಹೇಳಿಕೊಡಕ್ಕೆ ಬಂದಿತ್ತು ಒಬ್ಬರು ಮಾಸ್ಟರ್. ವಾಪಸ್ ಹೋಯ್ತು. ನಮಗೆ ಕೊಟ್ಟಿತು," ಎಂದ ಸ್ವೆಟರಣ್ಣ.

"ಈ ಕ್ಯಾಸೆಟ್ಟು ನಮಗ್ಯಾಕಪ್ಪ, ಆ ಬಾಸೆ ಯಾರಿಗ್ ತಿಳೀತದೆ?"

"ಇದರ ಮೇಲೆ ನಿಮ್ಮ ಹಾಡು ಹಿಡಿ. ಹಳೇದು ಹೋಯ್ತದೆ, ಹೊಸದು ಬರ್ತದೆ."

ಅಪ್ಪನಿಗೆ ಬೇಕಾಗಿದ್ದೇ ಅದು. ಅಜ್ಜಿಯ ಹಾಡನ್ನು ಹಿಡಿದಿಡಬೇಕೆಂಬುದು ಅವನ ಬಹುದಿನದ ಆಸೆ. ಅವಳ ಉಸಿರು ಆಗಲೇ ಪದದ ಮಧ್ಯೆ ನಿಲ್ಲುತ್ತಿತ್ತು. ಆದರೆ ಆಸೆಗೂ ಕೆಲಸಕ್ಕೂ ನಮ್ಮ ಮನೆಯಲ್ಲಿ ಸಾಕಷ್ಟು ಅಂತರವಿತ್ತು. ಕೈಯಲ್ಲಿದ್ದ ಸೀರೆ ಮುಗಿಯಲಿ, ಹಬ್ಬ ಕಳೆಯಲಿ ಎನ್ನುತ್ತ ಹತ್ತು ತಿಂಗಳು ಹೋಯಿತು. ಆ ಹತ್ತು ತಿಂಗಳಲ್ಲಿ ಅಣ್ಣ ಡಬ್ಬವನ್ನು ತೆರೆದ.

ಅಣ್ಣನಿಗೆ ಆಗ ಇಪ್ಪತ್ತು ವರ್ಷ. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಎಸ್ಸೆಸ್ಸೆಲ್ಸಿ ಬಿಟ್ಟವನು. ಕ್ಯಾಸೆಟ್ಟುಗಳ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು ಅರ್ಧ ಅಳಿಸಿತ್ತು. ಅವನಿಗೆ ಓದಲಾದದ್ದು ಇಸವಿ ಮಾತ್ರ. ಎಲ್ಲ ಅವನು ಅಂಬೆಗಾಲಿಡುತ್ತಿದ್ದ ಕಾಲದವು. ಹಾಗಾಗಿ ತನಗೆ ತಿಳಿದ ಹೆಸರುಗಳನ್ನೇ ಇಟ್ಟ. ಗಿಟಾರೂ ಪಿಟೀಲೂ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದ ಕ್ಯಾಸೆಟ್ಟು ಎರಡು ಲಾಳಿ. ಒಂದೇ ಹಾಡು ಇಡೀ ಬದಿ ತುಂಬಿ, ಮುಗಿಯಿತು ಅನ್ನುವಾಗ ಇನ್ನೊಂದು ಕಡೆಯಿಂದ ಮತ್ತೆ ಒಳಗೆ ಬರುತ್ತಿದ್ದದ್ದು ಹಿತ್ತಲ ಬಾಗಿಲು. ಮಾತೇ ಇಲ್ಲದ, ಡ್ರಮ್ಮು ಮುಗ್ಗರಿಸುತ್ತ ಮುಗ್ಗರಿಸುತ್ತ ಎಲ್ಲೂ ಬೀಳದೆ ಹೋಗುತ್ತಿದ್ದ ಒಂದಿತ್ತು. ಅದಕ್ಕೆ ಹೆಸರಿಟ್ಟವನು ಅಪ್ಪ. ಕುಂಟ ಎಂದ.

ಕುಂಟನನ್ನು ಮೊದಲ ಸಲ ಕೇಳಿದಾಗ ಟೇಪು ಕೆಟ್ಟಿದೆ ಎಂದೇ ನಾವೆಲ್ಲ ತಿಳಿದೆವು. ಸರಿಯಾಗಿ ಹೋಗುತ್ತಿದ್ದದ್ದು ಪ್ರತಿ ಸುತ್ತಿನ ಕೊನೆಗೆ ಒಂದು ಚೂರು ತುಂಡಾದಂತೆ, ಯಾರೋ ಅಲ್ಲಿ ಕತ್ತರಿ ಹಾಕಿದಂತೆ ಕೇಳುತ್ತಿತ್ತು. ಅಣ್ಣ ಅದನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ರೇಡಿಯೊ ರಿಪೇರಿಯವನ ಬಳಿ ಒಯ್ದ. ಅವನು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒಳಗೆಲ್ಲ ಒರೆಸಿ, ಹಾಕಿ ಕೇಳಿ, ಮತ್ತೆ ಒರೆಸಿದನಂತೆ.

"ಎಳೆ ಕಿತ್ತದಾ?" ಎಂದು ಅಪ್ಪ ಕೇಳಿದ, ಅಣ್ಣ ಬಂದಾಗ.

"ಟೇಪ್ ಸವ್ದೋಗದೆ, ಎಸ್ದುಬುಡಿ ಅಂದ."

"ಮತ್ತೆ ಎಸಿ."

ಅಣ್ಣ ಎಸೆಯಲಿಲ್ಲ. ಮಗ್ಗದ ಪಕ್ಕದ ಗೂಡಿನಲ್ಲಿ, ದೀಪದ ಕುಡಿಕೆಯ ಜೊತೆಗೆ ಟೇಪನ್ನು ಇಟ್ಟುಕೊಂಡು ದಿನವೂ ಬೆಳಿಗ್ಗೆ ಕುಂಟನನ್ನೇ ಹಾಕುತ್ತಿದ್ದ. ಕರೆಂಟು ಇಲ್ಲದಾಗ ಸೆಲ್ಲು. ಸೆಲ್ಲು ಸತ್ತರೆ ಹೆಂಚಿನ ಮೇಲೆ ಬಿಸಿಲಿಗೆ ಇಟ್ಟು ಇನ್ನೊಂದು ದಿನದ ಜೀವ ತುಂಬುವುದು ನನ್ನ ಕೆಲಸ. ನನಗೆ ಆ ಹಾಡುಗಳು ಮೊದಲು ರೇಜಿಗೆಯಾಗಿದ್ದವು. ಆಮೇಲೆ ಅಭ್ಯಾಸವಾಯಿತು. ಆಮೇಲೆ ಒಂದು ದಿನ ಸ್ಕೂಲಿನಲ್ಲಿ ಪ್ರಾರ್ಥನೆಗೆ ನಿಂತಾಗ ಎರಡು ಲಾಳಿಯ ಓಟ ತಲೆಯೊಳಗೆ ಶುರುವಾಗಿ, ಅದು ಮುಗಿಯುವವರೆಗೂ ನಾನು ಕಣ್ಣು ತೆರೆಯಲಿಲ್ಲ. ಮೇಷ್ಟ್ರು ನನ್ನ ಭಕ್ತಿಯನ್ನು ಹೊಗಳಿದರು. ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಅವನು ಲಾಳಿಯನ್ನು ನಿಲ್ಲಿಸಿ ನನ್ನನ್ನು ನೋಡಿದ. ಆ ಊರಿನಲ್ಲಿ ಈ ಹಾಡು ಕೇಳುವವರು ಇಬ್ಬರಾದೆವು ಎಂದು ಅವನಿಗೆ ಆಗ ತಿಳಿಯಿತು ಅಂತ ಕಾಣುತ್ತದೆ.

ಹೀಗಿರುವಾಗ ಮಧುವನಹಳ್ಳಿಯವರ ಮದುವೆ ಸೀರೆಯಲ್ಲಿ ತಪ್ಪು ಬಂತು. ಸೆರಗು ಬಿಟ್ಟು ಸೀರೆಯ ಬರಿಯ ಮೈ ನೇಯುವಾಗ ಕೆಲಸ ಸರಳ: ಬಲಗಾಲು ತುಳಿ, ಲಾಳಿ ಬಿಡು, ಎಡಗಾಲು ತುಳಿ, ಲಾಳಿ ಬಿಡು. ಎಲ್ಲಿಯೂ ಒಂದೇ ಕಾಲು ಎರಡು ಸಲ ಬೀಳಬಾರದು. ಬಿದ್ದರೆ ಹಾಸಿನ ಉದ್ದದೆಳೆಗಳು ತೆರೆದ ಒಂದೇ ಬಾಯಲ್ಲಿ ಎರಡು ಎಳೆ ಕೂತು ಬಟ್ಟೆಯ ಅಡ್ಡಕ್ಕೆ ಗೆರೆ ಏಳುತ್ತದೆ. ಅಪ್ಪ ಸೀರೆಯ ಮೇಲೆ ಅಂಗೈ ಆಡಿಸಿದ. ಒಂದು ಗೇಣಿನಲ್ಲಿ ನಾಲ್ಕು ಗೆರೆ ಕೈಗೆ ಸಿಕ್ಕವು.

"ಏನ್ಲಾ ಇದು, ಒಂದೇ ಬಾಯ್ಗೆ ಎರಡೆರಡು ಎಳೆ ತಿನ್ಸಿದ್ದಿಯೆ. ಮದ್ವೆ ಹೆಣ್ಣು ಉಡೋದು ಕಣ್ಲಾ."

"ಕಾಲ್ ತಪ್ತು ಕಣಪ್ಪ."

"ನಿನ್ ಕಾಲು ಉಟ್ಟಿದಾಗಿಂದ ತಪ್ಪಿಲ್ಲ. ಆ ಕುಂಟ ತಪ್ಸವ್ನೆ. ಬರೋ ಸ್ವಾಮಾರ ಅವ್ವನ ಹಾಡು ಇಡೀತೀನಿ. ಆ ಡಬ್ಬದಲ್ಲಿರೋವೆಲ್ಲ ಅಳಿಸ್ಕಂಡು ಓಗ್ಲಿ ಅತ್ತಗೆ."

ಅಣ್ಣ ಕುಣಿಗಿಳಿದ. ಕೂತು ಗೇಣು ಬಟ್ಟೆಯನ್ನು ಬಿಚ್ಚಿದ. ಒಂದೊಂದೇ ಎಳೆಯನ್ನು ಹಾಸಿನೆಳೆಗೆ ಪೆಟ್ಟಾಗದಂತೆ ಹಿಂದಕ್ಕೆ ತೆಗೆಯುವ ಆ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ನಾನು ಬಿಚ್ಚಿದ ಎಳೆಯನ್ನು ಸುತ್ತುತ್ತ ಅವನ ಮುಖ ನೋಡುತ್ತಿದ್ದೆ. ಸ್ವಾಮಾರ, ಅಂದರೆ ಸೋಮವಾರ, ಇನ್ನು ಐದು ದಿನವಿತ್ತು. ಅಷ್ಟರಲ್ಲಿ ಏನಾದರೂ ಆಗಬೇಕು, ಇಲ್ಲವಾದರೆ ಇಪ್ಪತ್ತೆರಡು ಕ್ಯಾಸೆಟ್ಟೂ ಹೋಗುತ್ತವೆ. ಇಡೀ ಜಿಲ್ಲೆಯಲ್ಲಿ ಇನ್ನೊಂದು ಕಡೆ ಆ ಹಾಡು ಸಿಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನು ಊಟಕ್ಕೆ ಕುಣಿಯಿಂದ ಮೇಲೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಗಿರಾಕಿಗೆ ವಾಯಿದೆ ಹೇಳಲು ಮಧುವನಹಳ್ಳಿಗೆ ಹೋಗಿದ್ದ. ಅಣ್ಣ ಕೊನೆಯ ಸಲ ಕೇಳಿಬಿಡುವವನಂತೆ ಕುಂಟನನ್ನು ಹಾಕಿ ಸುಮ್ಮನೆ ಕೂತ. ಅವ್ವ ಪಕ್ಕದಲ್ಲಿ ಸುತ್ತಿಟ್ಟ ಕಂಡಿಕೆಗಳನ್ನು ಬುಟ್ಟಿಗೆ ಎಣಿಸಿ ಹಾಕುತ್ತಿದ್ದಳು. ಅವಳಿಗೆ ಹಾಡಿನ ಕಡೆ ಗಮನವೇ ಇರಲಿಲ್ಲ. ಲಾಭ, ಎರಡು, ಮೂರು, ನಾಕು, ಐದು, ಆರು, ಮತ್ತೊಂದು. ಅಲ್ಲಿಗೆ ಒಂದು ಹಿಡಿ ತುಂಬಿತು. ಅವಳ ಕೈ ಚಿಕ್ಕದು, ಏಳು ಕಂಡಿಕೆಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಬುಟ್ಟಿಗೆ ಹಾಕಿ ಮತ್ತೆ ಲಾಭದಿಂದ ಶುರು. ಅಣ್ಣ ತಲೆಯೆತ್ತಿದ. ಅವ್ವನ ಲಾಭವೂ ಡ್ರಮ್ಮಿನ ದೊಡ್ಡ ಪೆಟ್ಟೂ ಒಟ್ಟಿಗೆ ಬೀಳುತ್ತಿದ್ದವು. ಮುಂದಿನ ಹಿಡಿಯಲ್ಲೂ. ಅದರ ಮುಂದಿನದರಲ್ಲೂ.

"ಅವ್ವ, ನಿಲ್ಲಿಸ್ಬ್ಯಾಡ. ಎಣಿಸು."

"ಕಂಡಿಕೆ ಮುಗೀತಲ್ಲೋ."

"ಇಲ್ದಿದ್ರೂ ಎಣಿಸು."

ಅವ್ವ ನನ್ನ ಕಡೆ ನೋಡಿ, ಮಗನಿಗೆ ಏನೋ ಆಗಿದೆ ಎಂಬಂತೆ ಬರಿಗೈಯಲ್ಲಿ ಎಣಿಸಿದಳು. ಹಾಡು ಎಲ್ಲೂ ತುಂಡಾಗಲಿಲ್ಲ. ಕತ್ತರಿ ಹಾಕಿದವರು ಯಾರೂ ಇರಲಿಲ್ಲ. ಅದು ಮೊದಲಿಂದಲೂ ಏಳರ ಹಾಡಾಗಿತ್ತು; ನಾವು ಎಂಟನೆಯದಕ್ಕೆ ಕಾದು ಕಾದು ಮುಗ್ಗರಿಸುತ್ತಿದ್ದೆವು. ಅಣ್ಣ ಕುಣಿಯಲ್ಲಿ ಕಾಲು ನೋಡಿಕೊಂಡ. ಬಲಗಾಲಿನಲ್ಲಿ ಶುರುಮಾಡಿದರೆ ಅವ್ವನ ಮತ್ತೊಂದು ಬೀಳುವುದೂ ಬಲಗಾಲಿನಲ್ಲೇ. ಮುಂದಿನ ಸುತ್ತಿನ ಪೆಟ್ಟನ್ನೂ ಅವನು ಬಲಗಾಲಿಗೇ ಕೊಡುತ್ತಿದ್ದ. ಗೆರೆ ಎದ್ದದ್ದು ಅಲ್ಲಿ. ಈಗ ಅವನು ಎರಡನೆಯ ಸುತ್ತನ್ನು ಎಡಗಾಲಿನಿಂದ ಶುರುಮಾಡಿದ.

ಅಪ್ಪ ಹಿಂತಿರುಗಿದಾಗ ಬೀದಿಯಲ್ಲೇ ನಿಂತ. ಒಳಗಿಂದ ಕುಂಟನೂ ಮಗ್ಗವೂ ಒಟ್ಟಿಗೆ ಕೇಳುತ್ತಿದ್ದವು. ಅವನ ಕಿವಿ ತಪ್ಪು ಹುಡುಕುತ್ತಿರುವುದನ್ನು ನಾನು ಬಾಗಿಲಿನಿಂದ ಕಂಡೆ. ತಲೆ ಒಂದು ಕಡೆ ವಾಲಿಸಿ ಬಹಳ ಹೊತ್ತು ನಿಂತಿದ್ದ. ಆಮೇಲೆ ಒಳಗೆ ಬಂದು ಅಂಗೈಯಲ್ಲಿ ಬಟ್ಟೆ ಸವರಿದ.

"ಎರಡು ಸುತ್ತು ಒಡುದ್ರೆ ಬಲಗಾಲು ತಿರ್ಗ ಮನೆಗೆ ಬತ್ತದೆ ಕಣಪ್ಪ," ಎಂದ ಅಣ್ಣ.

"ಯಾರ್ ಏಳ್ಕೊಟ್ರು?"

"ಅವ್ವ."

ಅಪ್ಪ ಅವ್ವನ ಕಡೆ ತಿರುಗಿದ. ಅವ್ವ ಒಲೆಯ ಕಡೆ ತಿರುಗಿದಳು. ಅಪ್ಪನಿಗೆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಎಳೆ ಬಿಚ್ಚುವುದಕ್ಕಿಂತ ಕಷ್ಟ. ಊಟವಾದ ಮೇಲೆ, ತಟ್ಟೆ ತೊಳೆದಿಟ್ಟ ಮೇಲೆ ಹೇಳಿದ: ಅಜ್ಜಿಗೆ ಒಂದು ಬದಿ ಸಾಕು, ಯಾವುದು ಅಂತ ನೀನೇ ಕೊಡು, ಉಳಿದವು ಬಿದ್ದಿರಲಿ.

ಎಲ್ಲ ಕ್ಯಾಸೆಟ್ಟೂ ಎರಡೂ ಬದಿ ಹಾಡಿನಿಂದ ತುಂಬಿದ್ದವು, ಕುಂಟನದೊಂದನ್ನು ಬಿಟ್ಟು. ಅದರ ಹಿಂಬದಿಯಲ್ಲಿ ಆ ಮಾಸ್ಟರ್ ಮಕ್ಕಳಿಗೆಂದು ಓದಿದ ಇಂಗ್ಲಿಷ್ ಪಾಠವಿತ್ತು. ಇಂಗ್ಲಿಷಿನ ಮೇಲೆ ಅಜ್ಜಿಯನ್ನು ಕೂರಿಸುವುದಕ್ಕೆ ಅಣ್ಣನಿಗೆ ಬಹಳ ಖುಷಿ. ಕ್ಯಾಸೆಟ್ಟಿನ ಯಾವ ಮೈ ಯಾವುದು ಎಂಬ ಚಿಂತೆಯೂ ಇರಲಿಲ್ಲ. ಆಯುಧಪೂಜೆಯ ದಿನ ಮಗ್ಗ, ಲಾಳಿ, ಕತ್ತರಿಗೆ ಕುಂಕುಮ ಇಡುವಾಗ ಅವನು ಹೇಳಿದಂತೆ ನಾನು ಕುಂಟನ ಹಾಡಿರುವ ಮೈಗೂ ಒಂದು ಬೊಟ್ಟು ಇಟ್ಟಿದ್ದೆ. ಸೋಮವಾರ ಬೆಳಿಗ್ಗೆ ಅವನು ಕ್ಯಾಸೆಟ್ಟನ್ನು ಕುಂಕುಮದ ಮೈ ಕೆಳಗೆ ಮಾಡಿ ಟೇಪಿನೊಳಗೆ ಇಟ್ಟು, ಜರಿ ತರಲು ಪೇಟೆಗೆ ಹೋದ. ಅಜ್ಜಿ ಮಿಂದು ವಿಭೂತಿ ಹಚ್ಚಿ ಬಂದಳು. ಅಪ್ಪ ಒಂದು ಸಲ ಮುಚ್ಚಳ ತೆಗೆದು ನೋಡಿದ.

"ಕುಂಕುಮ ಕೆಳಕಾಕವ್ನಲ್ಲ, ಬುದ್ಧಿ ಇಲ್ದೋನು," ಎಂದು ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದ. ಮಾದಪ್ಪನ ಹಾಡು ಹೇಳುವಾಗ ಕುಂಕುಮ ಕೆಳಮೊಗವಾಗಿರಬಾರದು. ನಾನು ಅಲ್ಲೇ ಇದ್ದೆ. ನನಗೂ ಅದು ಸರಿಯೆಂದೇ ಕಂಡಿತು. ಅಪ್ಪ ಕೆಂಪು ಗುಂಡಿ ಒತ್ತಿದ ಮೇಲೆ, ಅಜ್ಜಿ ಎರಡು ಪದ ಹೇಳಿದ ಮೇಲೆ, ಮೇಲಿರುವ ಮೈಯೇ ಹಿಡಿಯುವುದು, ಮೇಲಿರುವುದು ಕುಂಟ ಎಂದು ನನಗೆ ಹೊಳೆಯಿತು. ಆಗ ನಿಲ್ಲಿಸಬಹುದಿತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಳು. ಅಪ್ಪನ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ಹಸನು ಇತ್ತು. ನಾನು ಹಾಡು ಮುಗಿಯುವವರೆಗೆ ರಾಟೆಯ ಪಕ್ಕ ಕೂತಿದ್ದೆ.

ಅಣ್ಣ ಬಂದಾಗ ಹೇಳಿದೆ. ಅವನು ಟೇಪನ್ನು ಹಿತ್ತಲಿಗೆ ಎತ್ತಿಕೊಂಡು ಹೋಗಿ ಒಗೆಯುವ ಕಲ್ಲಿನ ಮೇಲಿಟ್ಟು ಮೊದಲಿಂದ ಹಾಕಿದ. ಕುಂಟ ಎಂದಿನಂತೆ ಶುರುವಾದ. ಅರ್ಧ ಹಾಡು ಇತ್ತು. ಅವನು ಬೆಳಿಗ್ಗೆ ಕೇಳಿ ನಿಲ್ಲಿಸಿದ ಜಾಗದವರೆಗೆ. ಅಲ್ಲಿಗೆ ಕಟ್ ಎಂದು ನಿಂತು, ಅಪ್ಪನ ದನಿ ಬಂತು. ನಮ್ಮ ಕಡೆ ಹೇಳು ಅನ್ನುವುದೂ ಏಳು ಎಂದೇ ಬಾಯಿಂದ ಬರುತ್ತದೆ.

"ಏಳವ್ವ."

ಅದಾದ ಮೇಲೆ ಅಜ್ಜಿ.

"ಈಗ್ತಾನೆ ಕುಂತಿವ್ನಿ, ಮತ್ತೆ ಏಳು ಅಂತಿಯಲ್ಲೋ."

"ಎದ್ದೇಳು ಅನ್ಲಿಲ್ಲ ಕಣವ್ವ, ಹಾಡು ಏಳು."

"ಅಂಗ್ ಬುಡ್ಸಿ ಏಳು ಮತ್ತೆ."

ಆಮೇಲೆ ಹಾಡು. ಅಣ್ಣ ಪೂರ್ತಿ ಕೇಳಿದ. ಹಿಂದಕ್ಕೆ ಸುತ್ತಿ ಮತ್ತೆ ಕೇಳಿದ. ಮೂರನೆಯ ಸಲ ಬೆರಳಲ್ಲಿ ಕಲ್ಲಿನ ಮೇಲೆ ತಟ್ಟುತ್ತಿದ್ದವನು ಅಪ್ಪನ ದನಿ ಬಂದ ಕೂಡಲೇ ಬೆರಳು ಎತ್ತಿ ಹಿಡಿದ. ಮುಖ ಬದಲಾಗಿತ್ತು.

"ಬಾ ಇಲ್ಲಿ ಅಮ್ಮಿ. ಎಣಿಸು."

ನಾನು ಅಳುತ್ತಲೇ ಎಣಿಸಿದೆ. ಲಾಭ, ಎರಡು, ಮೂರು, ನಾಕು, ಐದು, ಆರು. ಆರಕ್ಕೆ ಡ್ರಮ್ಮು ನಿಂತಿತು. ಮತ್ತೊಂದರ ಜಾಗಕ್ಕೆ ಸರಿಯಾಗಿ ಅಪ್ಪ ಬಂದು "ಏಳವ್ವ" ಎಂದ.

ಅಣ್ಣ ನಕ್ಕ. ಅವ್ವನನ್ನು ಕೂಗಿದ. ಅವ್ವ ಕೈ ಒರೆಸಿಕೊಂಡು ಬಂದು ಕೇಳಿ, ಮೊದಲು ಸೆರಗು ಬಾಯಿಗೆ ಒತ್ತಿಕೊಂಡು, ಆಮೇಲೆ ತಡೆಯಲಾರದೆ ಕಲ್ಲಿನ ಮೇಲೆ ಕೂತು ನಕ್ಕಳು. ಆ ಮನೆಯಲ್ಲಿ ಏಳು ಎಂಬ ಸಂಖ್ಯೆ ಮೊದಲ ಸಲ ಎಣಿಕೆಯಲ್ಲಿ ಬಂದದ್ದು ಹಾಗೆ. ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಹಲ್ಲು ಮುರಿದರೆ ಅದರ ಮೇಲೆ ಮತ್ತೇನೂ ಹಿಡಿಯಲಾಗದು ಎಂದು ಆ ವಾರ ರಿಪೇರಿಯವನು ಹೇಳಿದ. ಅಣ್ಣ ಒಮ್ಮೆಗೇ ಕೂತು ಇಪ್ಪತ್ತೆರಡರ ಹಲ್ಲೂ ಮುರಿದ. ಅಜ್ಜಿಯದನ್ನು ಮೊದಲು ಮುರಿದ.

ಅಜ್ಜಿ ಆಮೇಲೆ ಎರಡು ವರ್ಷ ಇದ್ದಳು. ನಾನು ಮದುವೆಯಾಗಿ ಹನೂರಿಗೆ ಹೋದೆ. ಅಪ್ಪ, ಅವ್ವ ಒಬ್ಬರ ಹಿಂದೆ ಒಬ್ಬರು ಹೋದರು. ಅಣ್ಣ ಅದೇ ಮಗ್ಗದಲ್ಲಿ ಇದ್ದ, ಅದೇ ಗೂಡಿನಲ್ಲಿ ಟೇಪು ಇತ್ತು. ಎಷ್ಟೋ ವರ್ಷದ ಮೇಲೆ, ಊರಿಗೆ ಕಂಪ್ಯೂಟರ್ ಅಂಗಡಿಗಳು ಬಂದ ಕಾಲದಲ್ಲಿ, ಅವನ ಪರಿಚಯದವನೊಬ್ಬ ಎಲ್ಲಿಂದಲೋ ಕುಂಟನ ಪೂರ್ತಿ ಹಾಡನ್ನು ಸೀಡಿಗೆ ಹಾಕಿಕೊಟ್ಟನಂತೆ. ಅಣ್ಣ ಎಸ್‌ಟಿಡಿ ಬೂತಿನಿಂದ ನನಗೆ ಫೋನ್ ಮಾಡಿದ.

"ಮುಂದೆ ಇನ್ನೂ ಆರು ನಿಮಿಷ ಅದೆ ಕಣಮ್ಮಿ."

"ಎಂಗದೆ?"



"ಚೆನ್ನಾಗೇ ಅದೆ. ಆದ್ರೆ ಅಪ್ಪ ಬರದಿಲ್ಲ."

ಅವನಿಗೆ ಒಬ್ಬಳೇ ಮಗಳು. ಎಣಿಸುವುದನ್ನು ಅವಳಿಗೆ ಅವನೇ ಮಗ್ಗದ ಪಕ್ಕ ಕೂರಿಸಿ, ಆ ಟೇಪು ಹಾಕಿ ಕಲಿಸಿದ್ದ. ಅಣ್ಣನ ತಿಥಿಯ ದಿನ ಎಡೆ ಇಡುವಾಗ ನಾನು ಮುಂದಿನ ಅಂಕಣದಲ್ಲಿ ಅಪ್ಪನ ಕುಣಿಯ ಅಂಚಿನಲ್ಲಿ ಕೂತಿದ್ದೆ. ಬೆಳಗಿನಿಂದ ಯಾರು ಕರೆದರೂ ಮೇಲೇಳಲು ಮನಸ್ಸಾಗಿರಲಿಲ್ಲ. ಅಣ್ಣನ ಮಗಳು ಒಳಗಿಂದ ಗೋಡೆಯುದ್ದಕ್ಕೆ ಬಾಳೆಲೆ ಹಾಕುತ್ತ ಬರುತ್ತಿದ್ದಳು. ಅಪ್ಪನಿಗೊಂದು, ಅವ್ವನಿಗೊಂದು, ಅಜ್ಜಿಗೊಂದು, ಹಿಂದಿನವರಿಗೆ ಮೂರು, ಇನ್ನು ಉಳಿದದ್ದು ಅಣ್ಣನದು. ಕೈಯಲ್ಲಿ ಎಲೆಯ ಕಟ್ಟು, ಬಾಯಲ್ಲಿ ತನಗೇ ಕೇಳುವಷ್ಟು ಎಣಿಕೆ.

"ಲಾಭ, ಎರಡು, ಮೂರು, ನಾಕು, ಐದು, ಆರು," ಎಂದು ನನ್ನ ಹತ್ತಿರಕ್ಕೆ ಬಂದು, ನಾನು ಕೂತದ್ದರಿಂದ ಮುಂದಿನ ಎಲೆಗೆ ಜಾಗವಿಲ್ಲದೆ ನಿಂತಳು. "ಏಳವ್ವ."

ಎಣಿಸಿದಳೋ, ನನಗೆ ಹೇಳಿದಳೋ ಎಂದು ನಾನು ಕೇಳಲು ಹೋಗಲಿಲ್ಲ. ನಾನು ಎದ್ದೆ. ಅವಳ ಕೈಯಿಂದ ಎಲೆ ತೆಗೆದುಕೊಂಡು, ನೀರು ಚಿಮುಕಿಸಿ, ತುದಿಯನ್ನು ಎಡಕ್ಕೆ ಮಾಡಿ ಅಲ್ಲಿ ಹಾಸಿದೆ.